ಭಟ್ಟಿಯ ಬಾಯಲ್ಲಿ ಕೈ

ನಲವತ್ತೊಂದು — ಆಸ್ಪತ್ರೆಯ ಗೋಡೆಯ ಮೇಲಿನ ಕೆಂಪು ಅಂಕಿ ಒಮ್ಮೆ ಮಿಟುಕಿಸಿ ಮತ್ತೆ ನಲವತ್ತೊಂದರಲ್ಲೇ ಕೂತಿದೆ, ಏಳುವ ಮನಸ್ಸಿಲ್ಲದ ನೆಂಟನ ಹಾಗೆ, ಅವಳ ಕೈಯಲ್ಲಿರುವ ಚೀಟಿ ಅರವತ್ತೇಳು, ನಡುವೆ ಇಪ್ಪತ್ತೈದು ಜನ, ತಲೆಗೆ ಐದು ನಿಮಿಷ ಹಿಡಿದರೂ ಎರಡು ಗಂಟೆಯ ಮೇಲಾಯಿತು, ಕಾರ್ಡಿನಲ್ಲಿ ಬರೆದದ್ದೋ ಒಂದು ಗಂಟೆ, ಕೀಮೋ ಆಗುತ್ತಿರುವವರಿಗೆ ಜ್ವರ ಬಂದರೆ ಸರದಿಯಲ್ಲಿ ಕಾಯಿಸಬೇಡಿ, ಒಂದು ಗಂಟೆಯೊಳಗೆ ಸೂಜಿ ಕೊಡಿ, ಅಷ್ಟು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು, ಅಚ್ಚಾಗಿ ಏನು ಬಂತು, ಆ ಸಾಲು ಈಗ ಬೇಕರಿಯ ಗೋಡೆಯ ಮೇಲಿದೆ, ಅವಳ ಕೈಯಲ್ಲಿ ಉಳಿದಿರುವುದು ಅಪ್ಪನ ಹೆಸರಿರುವ ಮೇಲಿನ ಅರ್ಧ ಮತ್ತು ಅಂಚಿಗೆ ಒಣಗಿದ ಮೈದಾ ಅಂಟು. ಮುಖ್ಯವಾದದ್ದೆಲ್ಲ ಗೋಡೆಗೆ ಅನ್ನುವುದು ಅಪ್ಪನ ಕಾನೂನು, ಹಿಟ್ಟು ನಾದುವ ತೊಟ್ಟಿಯ ಮೇಲೆ, ಕಣ್ಣಿಗೆ ನೇರ, ಮೈದಾ ಕುದಿಸಿ ಅಂಟು ಬಳಿದು ಅಂಗೈಯಿಂದ ಒತ್ತಿಬಿಟ್ಟನೆಂದರೆ ಅದು ಇನ್ನು ಗೋಡೆಯ ಆಸ್ತಿ, ಈಸ್ಟಿನ ಅಳತೆ ಅಲ್ಲೇ, ಅವಳ ಏಳನೇ ಕ್ಲಾಸಿನ ಪರೀಕ್ಷೆಯ ವೇಳಾಪಟ್ಟಿ ಅಲ್ಲೇ, ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾದರೂ ಹಾಲು ಉಕ್ಕೀತು ನೋಡಿಕೊಳ್ಳಿ ಎಂದು ಅವಳು ಬರೆದಿಟ್ಟು ಹೋಗಿದ್ದ ಚೀಟಿಯೂ ಅಲ್ಲೇ, ಇನ್ನು ಕ್ಯಾನ್ಸರ್ ವಾರ್ಡಿನವರು ಕೊಟ್ಟ ಹಳದಿ ಕಾರ್ಡು ಎಲ್ಲಿಗೆ ಹೋಗಬೇಕು, ಇದನ್ನ ಯಾವಾಗ್ಲೂ ಜೊತೇಲೇ ಇಟ್ಕೊಳಿ ಎಂದಿದ್ದರು ಅವರು, ಇಟ್ಟುಕೊಂಡೆವು ತಾಯಿ, ಗೋಡೆಯ ಜೊತೆ ಇಟ್ಟುಕೊಂಡೆವು. ಬೆಳಿಗ್ಗೆ ಚಾಕುವಿನಿಂದ ಎಬ್ಬಿಸಿದಳು, ಬರಲಿಲ್ಲ, ನೀರು ಹಚ್ಚಿದಳು, ಬರಲಿಲ್ಲ, ಎಳೆದಳು, ಅರ್ಧ ಬಂತು. ಕಿಟಕಿಯ ಹಿಂದಿನ ಗುಮಾಸ್ತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಇದ್ರಲ್ಲಿ ಹೆಸ್ರು ಬಿಟ್ಟು ಬೇರೇನೂ ಇಲ್ವಲ್ಲ ಮೇಡಂ, ಮಿಕ್ಕಿದ್ದೆಲ್ಲಿ. ಗೋಡೆ ಮೇಲಿದೆ. ಯಾವ ಗೋಡೆ. ನಮ್ಮ ಬೇಕರಿ ಗೋಡೆ. ಹಂಗಾದ್ರೆ ಗೋಡೆ ತಗೊಂಡ್ ಬನ್ನಿ, ಅಲ್ಲೀವರೆಗೂ ಅಲ್ಲಿ ಕೂತ್ಕೊಳಿ, ಅರವತ್ತೇಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅವಳಿಗೂ ನಗು ಬರಬೇಕಿತ್ತು, ಬೇರೆ ದಿನವಾಗಿದ್ದರೆ ಅಪ್ಪನೇ ಮೊದಲು ನಗುತ್ತಿದ್ದ.

ಅಪ್ಪ ನಗುತ್ತಿಲ್ಲ, ಗಾಲಿಕುರ್ಚಿಯಲ್ಲಿ ಒಂದು ಕಡೆಗೆ ವಾಲಿದ್ದಾನೆ, ಹಸಿರು ಸ್ವೆಟರಿನ ತೋಳು ಬೆರಳಿನ ತುದಿಯವರೆಗೂ ಇಳಿದಿದೆ, ಹಲ್ಲು ಕಟಕಟ ಅನ್ನುತ್ತಿದೆ, ಕೆನ್ನೆ ಮಾತ್ರ ಕೆಂಪಗೆ, ಭಟ್ಟಿಯ ಎದುರು ನಿಂತು ಬಂದವನ ಹಾಗೆ, ನಲವತ್ತು ವರ್ಷ ಆ ಕೆಂಪು ಅವನ ಮುಖದಲ್ಲಿ ಇದ್ದೇ ಇರುತ್ತಿತ್ತು, ಅದಕ್ಕೇ ಬೆಳಿಗ್ಗೆ ಅವಳಿಗೆ ಅದು ಕಂಡರೂ ಕಾಣಲಿಲ್ಲ. ಹತ್ತು ಗಂಟೆಗೆ ಅಂಗಡಿಗಳಿಗೆಲ್ಲ ಬ್ರೆಡ್ ಹಾಕಿ ಬಂದಾಗ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ, ಕಪ್ಪು ಸಾಸರಿನ ಮೇಲೆ ತಾನಾಗಿಯೇ ಸದ್ದು ಮಾಡುತ್ತಿತ್ತು, ಜ್ವರಾನಾ ಅಪ್ಪಾ ಎಂದಳು, ಅಂಗೈಯನ್ನು ತನ್ನ ಕತ್ತಿಗೆ ಇಟ್ಟುಕೊಂಡ, ಕಣ್ಣು ಮುಚ್ಚಿದ, ಇಲ್ಲ ಕಣೇ, ಬರೀ ಚಳಿ. ಬರೀ ಚಳಿಯಂತೆ! ಪಕ್ಕದಲ್ಲೇ ಭಟ್ಟಿ ಉರಿಯುತ್ತಿರುವ ಮನೆಯಲ್ಲಿ, ಗೋಡೆಯೇ ಬಿಸಿಯಾಗಿರುವ ಮನೆಯಲ್ಲಿ, ಚಳಿ. ಡ್ರಾಯರಿನಿಂದ ಥರ್ಮಾಮೀಟರು ತೆಗೆದಳು, ಡಬ್ಬಿಯ ಸೀಲು ಕೂಡ ಬಿಚ್ಚಿರಲಿಲ್ಲ, ಬೇಡ ಬೇಡ ಎಂದವನ ಬಾಯಿಗೆ ತುರುಕಿದಳು, ನೂರಾ ಮೂರು. ವಾರ್ಡಿನ ಸಿಸ್ಟರ್ ಎರಡು ತಿಂಗಳ ಹಿಂದೆಯೇ ಅದನ್ನೂ ಒಂದು ನೋಟ್‌ಬುಕ್ಕನ್ನೂ ಕೊಟ್ಟು ದಿನಕ್ಕೆ ಎರಡು ಸಲ ಬರೀಬೇಕು ಎಂದಿದ್ದರು, ಅಪ್ಪ ಮನೆಗೆ ಬಂದು ನಕ್ಕಿದ್ದ, ಭಟ್ಟಿಗೇ ಮೀಟರ್ ನೋಡ್ದೇ ಇರೋನು ನನ್ ಮೈಗೆ ನೋಡ್ಲಾ. ನಿಜ, ಭಟ್ಟಿಗೂ ಒಂದು ಮೀಟರು ಇದೆ, ಇನ್‌ಸ್ಪೆಕ್ಟರ್ ಬಂದಾಗ ಒರೆಸುತ್ತಾರೆ, ಅಪ್ಪ ನೋಡುತ್ತಿದ್ದದ್ದು ಕೈ, ತೋಳು ಮಡಚಿ ಬಲಗೈಯನ್ನು ಮೊಣಕೈವರೆಗೆ ಭಟ್ಟಿಯ ಬಾಯೊಳಗೆ ಚಾಚಿ, ತುಟಿ ಅಲ್ಲಾಡಿಸದೆ ಎಣಿಸುವುದು, ಐದಕ್ಕೇ ಕೈ ಹಿಂದೆ ಬಂದರೆ ಕಾವು ಜಾಸ್ತಿ, ಸ್ವಲ್ಪ ತಡಿ, ಹನ್ನೆರಡರವರೆಗೂ ತಡೆದರೆ ಕಾವು ಸಾಲದು, ಇನ್ನೆರಡು ಸೌದೆ ಹಾಕು, ಸರಿಯಾಗಿ ಎಂಟಕ್ಕೆ ಕೈ ತಾನೇ ಹಿಂದೆ ಸರಿಯಬೇಕು, ಎಂಟು ಅಂದರೆ ಬ್ರೆಡ್ಡು ಒಳಗೆ. ಬೀದಿಯಲ್ಲಿ ಅವನಿಗೆ ಇರುವ ಹೆಸರೇ ಎಂಟೆಣಿಕೆ ಯಜಮಾನ್ರು. ಪುಟ್ಟವಳಿದ್ದಾಗ ಅವಳು ತೊಟ್ಟಿಯ ಅಂಚಿನ ಮೇಲೆ ಕೂತು ಅವನ ತುಟಿ ನೋಡುತ್ತಿದ್ದಳು, ಭಟ್ಟಿಯ ಬಾಯೊಳಗಿನ ಕೆಂಪು, ಅದರ ಮುಂದೆ ಕಪ್ಪಗೆ ಆ ಕೈ, ಸುಮ್ಮನೆ, ಅಲುಗದೆ, ಎಂಟು. ಆ ಕೈ ತಪ್ಪಿದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿಲ್ಲ, ಒಂದು ಬ್ರೆಡ್ಡು ಸೀದದ್ದಿಲ್ಲ, ಒಂದು ಬನ್ನು ಹಸಿಯಾಗಿ ಹೊರಬಂದದ್ದಿಲ್ಲ, ಹಾಗಾಗಿ ಬೆಳಿಗ್ಗೆ ಸಂಜೆ ಅವಳು ಪೆನ್ನು ಹಿಡಿದು ನಿಂತು ಜ್ವರ ಇದೆಯಾ ಎಂದು ಕೇಳುವುದು, ಅವನು ಅಂಗೈ ಕತ್ತಿಗಿಟ್ಟು ಇಲ್ಲ ಎನ್ನುವುದು, ಅವಳು ಇಲ್ಲ ಎಂದು ಬರೆಯುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು. ಒಂದು ಪುಟವಿಡೀ ಇಲ್ಲ, ಇನ್ನೊಂದು ಪುಟವಿಡೀ ಇಲ್ಲ, ದುಂಡಗಿನ ಅವಳದೇ ಅಕ್ಷರದಲ್ಲಿ, ಮತ್ತು ಅದೇ ಬೆಳಿಗ್ಗೆ ಅದಕ್ಕೂ ಐದು ನಿಮಿಷ ಮುಂಚೆ ಅವಳೇ ಅವನ ಅಂಗಿಯ ಗುಂಡಿ ಹಾಕಿರುತ್ತಿದ್ದಳು, ಏಕೆಂದರೆ ಮೂರನೇ ಕೀಮೋ ಆದ ಮೇಲೆ ಅವನ ಬೆರಳಿಗೆ ಗುಂಡಿ ಸಿಗುತ್ತಿರಲಿಲ್ಲ, ಜೋಮು ಹಿಡಿದ ಹಾಗಿದೆ ಎನ್ನುತ್ತಿದ್ದ, ಲೋಟ ಜಾರುತ್ತಿತ್ತು, ಸಿಸ್ಟರ್ ಹೇಳಿದ್ದರು, ಔಷಧಿಯಿಂದ ನರ ಸ್ವಲ್ಪ ಜಡ ಆಗತ್ತೆ, ಬಿಸಿ ತಣ್ಣಗೆ ಗೊತ್ತಾಗಲ್ಲ, ಹುಷಾರು. ಗುಂಡಿ ಹಾಕಿದ್ದು ಇದೇ ಎರಡು ಕೈ, ಇಲ್ಲ ಎಂದು ಬರೆದದ್ದೂ ಇದೇ ಕೈ. ಎಲ್ಲಿಟ್ಟಿದ್ದೆ ಬುದ್ಧಿಯನ್ನು, ಅದನ್ನೂ ಗೋಡೆಗೆ ಅಂಟಿಸಿದ್ದೆಯಾ.

ನಲವತ್ತೆರಡು. ಹನ್ನೊಂದು ಗಂಟೆ ಹತ್ತು ನಿಮಿಷ, ಥರ್ಮಾಮೀಟರು ನೋಡಿದ್ದು ಹತ್ತೂಕಾಲಿಗೆ, ಐವತ್ತೈದು ನಿಮಿಷ ಆಗಲೇ ಹೋಯಿತು, ಮನೆಯಿಂದ ಇಲ್ಲಿಗೆ ಬರುವಷ್ಟರಲ್ಲೇ ಮುಕ್ಕಾಲು ಪಾಲು, ಅಪ್ಪನ ತಲೆ ಒಮ್ಮೆ ಎದೆಯ ಮೇಲೆ ಬಿತ್ತು, ಎತ್ತಿದಳು, ಮತ್ತೆ ಬಿತ್ತು, ಭಟ್ಟಿ ಎಂದ, ಏನಪ್ಪಾ ಎಂದಳು, ಭಟ್ಟಿ ಬಾಗ್ಲು ಎಂದ, ಮುಚ್ಚಿ ಬಂದಿದೀನಿ ಸುಮ್ನಿರು ಎಂದಳು, ಮುಚ್ಚಿದ್ದಾಳೋ ಇಲ್ಲವೋ ಯಾರಿಗೆ ಗೊತ್ತು, ತೊಟ್ಟಿಯಲ್ಲಿ ಮಧ್ಯಾಹ್ನದ ಬನ್ನಿನ ಹಿಟ್ಟು ಹಾಗೇ ಬಿಟ್ಟು ಬಂದಿದ್ದಾಳೆ, ಈ ಹೊತ್ತಿಗೆ ಉಕ್ಕಿ ತೊಟ್ಟಿಯಿಂದ ಇಳಿದು ಬಾಗಿಲ ಕಡೆಗೆ ಹೊರಟಿರಬೇಕು, ಹೋಗಲಿ, ಬೀದಿ ತುಂಬ ಹೋಗಲಿ. ಅವಳು ಎದ್ದಳು. ಎದ್ದದ್ದು ತಾನೇ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಕಿಟಕಿಗೆ ಹೋಗಿ, ನೋಡಿ ಸ್ವಾಮಿ, ಇವರಿಗೆ ಕೀಮೋ ಆಗಿ ಹತ್ತು ದಿನ, ಮೈಯಲ್ಲಿ ರಕ್ಷಣೆ ಅನ್ನೋದೇ ಇಲ್ಲ, ಒಂದ್ ಗಂಟೆ ಒಳಗೆ ಸೂಜಿ ಬೀಳ್ಬೇಕು. ಎಲ್ರಿಗೂ ಅರ್ಜೆಂಟೇ ಮೇಡಂ. ಎಲ್ಲರಿಗೂ ಅರ್ಜೆಂಟೇ, ಹೌದು, ಆ ಕಾಲು ಉಳುಕಿದವನಿಗೆ, ಆ ಕೆಮ್ಮುವ ಹೆಂಗಸಿಗೆ, ಎಲ್ಲರ ಮುಖದಲ್ಲೂ ಅದೇ ಇದೆ, ಅವಳು ಯಾರ ಸರದಿಯನ್ನೂ ಕದಿಯುವವಳಲ್ಲ, ಬೇಕರಿಯಲ್ಲಿ ಬ್ರೆಡ್ಡಿಗೆ ನಿಂತವರ ಸಾಲು ಮುರಿದ ದೊಡ್ಡ ಮನುಷ್ಯನೊಬ್ಬನನ್ನು ಅಪ್ಪ ಕೊನೆಗೆ ಕಳಿಸಿದ್ದು ಅವಳಿಗೆ ನೆನಪಿದೆ, ಆದರೆ ಅಪ್ಪ, ಇವತ್ತು ನಿನ್ನ ಕಾನೂನು ನನ್ನ ಹತ್ತಿರ ನಡೆಯುವುದಿಲ್ಲ, ಗೋಡೆಯದೂ ಇಲ್ಲ, ಸಾಲಿನದೂ ಇಲ್ಲ. ಗಾಲಿಕುರ್ಚಿಯ ಬ್ರೇಕು ತೆಗೆದಳು, ಐವತ್ತು ಕಿಲೋ ಮೈದಾ ಮೂಟೆ ಹೊರುವ ತೋಳು ಇದು, ಸಿಬ್ಬಂದಿಗೆ ಮಾತ್ರ ಎಂದು ಬರೆದ ಎರಡು ರೆಕ್ಕೆಯ ಬಾಗಿಲಿಗೆ ಕುರ್ಚಿಯ ಕಾಲುಹಲಗೆಯಿಂದಲೇ ಗುದ್ದಿದಳು, ಗುಮಾಸ್ತ ಮೇಡಂ ಮೇಡಂ ಎಂದು ಎದ್ದು ನಿಂತ, ಅವಳು ತಿರುಗಿ ಹೇಳಿದಳು, ಮೊದ್ಲು ಸೂಜಿ, ಆಮೇಲೆ ಪೊಲೀಸ್ನೋರನ್ನ ಬೇಕಾದ್ರೂ ಕರೀರಿ, ನಾನೆಲ್ಲೂ ಓಡಿ ಹೋಗಲ್ಲ. ಆ ಧ್ವನಿ ಅವಳದೇ ಆಗಿತ್ತು, ಹಿಟ್ಟಿನ ಲಾರಿಯವನ ಜೊತೆ ಜಗಳವಾಡುವ ಧ್ವನಿ, ಅದನ್ನು ಆಸ್ಪತ್ರೆಗೆ ಬಂದಾಗಲೆಲ್ಲ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಬರುತ್ತಿದ್ದಳು, ಐದು ತಿಂಗಳು ಹೌದು ಡಾಕ್ಟರ್, ಸರಿ ಸಿಸ್ಟರ್, ಆಗಲಿ ಸಾರ್, ಸಾಕಾಗಿಹೋಯಿತು. ಒಳಗೆ ಬಿಳಿ ಬೆಳಕು, ಪರದೆಗಳು, ಒಬ್ಬ ಸಿಸ್ಟರ್ ಬಟ್ಟಲಿನಲ್ಲಿ ಏನೋ ಹಿಡಿದು ಅಡ್ಡ ಬಂದರು, ಯಾರ್ ಬಿಟ್ರು ನಿಮ್ಮನ್ನ ಒಳಗೆ ಎಂದರು. ಯಾರೂ ಬಿಡಲಿಲ್ಲ ಸಿಸ್ಟರ್, ನಾನೇ ಬಂದೆ, ಐದನೇ ಕೀಮೋ ಆಗಿ ಹತ್ತು ದಿನ, ನೂರಾ ಮೂರು. ಸಿಸ್ಟರ್ ಅವಳ ಮುಖ ನೋಡಲಿಲ್ಲ, ಅಪ್ಪನ ತುಟಿ ನೋಡಿದರು, ಬಟ್ಟಲನ್ನು ಎಲ್ಲಿಟ್ಟರೋ, ಮೂರನೇ ಬೆಡ್ ಖಾಲಿ ಮಾಡಿ ಎಂದು ಕೂಗಿದ್ದು ಮಾತ್ರ ಕೇಳಿಸಿತು. ಹೀಗೆ ಒಂದೇ ಮಾತು ಸಾಕಾಗಿತ್ತು ಎಂದು ಮೊದಲೇ ಗೊತ್ತಿದ್ದರೆ ಬಾಗಿಲಿಗೆ ಇನ್ನೂ ಜೋರಾಗಿ ಗುದ್ದುತ್ತಿದ್ದಳು.

ಎಂಬತ್ತು, ಐವತ್ತು — ಅದು ರಕ್ತದ ಒತ್ತಡ ಅಂತೆ, ಮೇಲಿನದು ಎಂಬತ್ತು, ನೂರಾದರೂ ಇರಬೇಕಿತ್ತು, ಡ್ಯೂಟಿ ಡಾಕ್ಟರು ಅವಳಿಗಿಂತ ಚಿಕ್ಕ ಹುಡುಗಿ, ಕಿವಿಯ ಹಿಂದೆ ಪೆನ್ನು, ಮಾತು ಮಾತ್ರ ಹಿಟ್ಟು ತೂಗಿದ ಹಾಗೆ, ಬಿಳಿ ರಕ್ತಕಣ ತುಂಬಾ ಕಮ್ಮಿ ಇರುತ್ತೆ ಈ ಟೈಮಲ್ಲಿ, ಸೋಂಕು ರಕ್ತಕ್ಕೆ ಇಳಿದಿರಬಹುದು, ಈಗ ಔಷಧಿ ಶುರು ಮಾಡ್ತೀವಿ, ಮುಂದಿನ ನಾಲ್ಕೈದು ಗಂಟೇಲಿ ಒತ್ತಡ ಮೇಲೆ ಬರ್ಬೇಕು, ಬರ್ದಿದ್ರೆ — ಬರುತ್ತದೆ, ಬರಲೇಬೇಕು, ನಲವತ್ತು ವರ್ಷ ಬೆಂಕಿಯ ಎದುರು ನಿಂತವನ ಒತ್ತಡ ಅದು, ಎಂಬತ್ತಕ್ಕೆ ಕೂತುಬಿಡುವುದಕ್ಕೆ ಅದೇನು ನಿಮ್ಮ ಗೋಡೆಯ ಕೆಂಪು ಅಂಕಿಯೇ. ಎಷ್ಟು ದಿನದಿಂದ ಜ್ವರ. ಇವತ್ತೇ ಗೊತ್ತಾಗಿದ್ದು. ಮನೇಲಿ ದಿನಾ ನೋಡ್ತಿರ್ಲಿಲ್ವಾ. ನೋಡ್ತಿದ್ವಿ. ಯಾರು ನೋಡ್ತಿದ್ದಿದ್ದು. ಅಪ್ಪ ದಿಂಬಿನ ಮೇಲೆ ಕಣ್ಣು ಮುಚ್ಚಿದ್ದ, ರೆಪ್ಪೆಯ ಕೆಳಗೆ ಗುಡ್ಡೆ ಒಮ್ಮೆ ಸರಿಯಿತು, ಕೇಳಿಸಿಕೊಳ್ಳುತ್ತಿದ್ದಾನೆ, ಈ ಹುಡುಗಿಗೆ ಏನೆಂದು ಹೇಳುವುದು, ಥರ್ಮಾಮೀಟರಿನ ಸೀಲೂ ಬಿಚ್ಚಿರಲಿಲ್ಲ, ನಮ್ಮ ಮನೆಯಲ್ಲಿ ಒಂದು ಕೈ ಇದೆ, ಅದು ಎಂದೂ ತಪ್ಪಿದ್ದಿಲ್ಲ — ನಾನೇ, ಎಂದಳು, ನಾನೇ ನೋಡ್ತಿದ್ದೆ, ಸರಿಯಾಗಿ ನೋಡ್ಲಿಲ್ಲ, ನನ್ನದೇ ತಪ್ಪು. ಡಾಕ್ಟರ ಹುಬ್ಬು ಮೇಲೆ ಹೋಯಿತು, ಹೋಗಲಿ, ಮೂರ್ಖಳು ಎಂದು ಬರೆದುಕೊಳ್ಳಲಿ, ನೋಟ್‌ಬುಕ್ಕಿನ ಅಕ್ಷರ ಹೇಗೂ ಅವಳದೇ. ಸಿಸ್ಟರ್ ಎಡಗೈಯಲ್ಲಿ ನರ ಹುಡುಕಿದರು, ಐದು ಸಲ ಕೀಮೋ ಹೋದ ನರ, ಹಗ್ಗದ ಹಾಗೆ ಗಟ್ಟಿ, ಸೂಜಿ ಹತ್ತಲಿಲ್ಲ, ಆ ಕೈ ಕೊಡಿ ಯಜಮಾನ್ರೇ ಎಂದರು, ಅಪ್ಪ ಕಣ್ಣು ಬಿಟ್ಟು ಬೇಡ ಎಂದ, ಬಲಗೈಯನ್ನು ಸ್ವೆಟರಿನ ಒಳಕ್ಕೆ ಎಳೆದುಕೊಂಡ, ಮೂರು ವರ್ಷದ ಮಗುವಿನ ಹಾಗೆ, ಈ ಸ್ವೆಟರು ಮಂಗಳವಾರದಿಂದ ಅವನ ಮೈಮೇಲಿದೆ, ಬೇಕರಿಯ ಕಾವಿನಲ್ಲೂ, ಸ್ನಾನಕ್ಕೂ ಅವಳನ್ನು ಹತ್ತಿರ ಬಿಡಲಿಲ್ಲ, ನಾನೇ ಮಾಡ್ಕೋತೀನಿ ಹೋಗೇ ಎಂದು ಬಾಗಿಲು ಹಾಕಿಕೊಂಡಿದ್ದ, ಮರ್ಯಾದೆ ಉಳಿಸಿಕೊಳ್ಳಲಿ ಪಾಪ ಎಂದುಕೊಂಡಿದ್ದಳು. ಸಿಸ್ಟರ್ ಕತ್ತರಿ ತಂದು ತೋಳನ್ನು ಉದ್ದಕ್ಕೆ ಕತ್ತರಿಸಿಬಿಟ್ಟರು, ಉಣ್ಣೆ ಬಾಳೆಸಿಪ್ಪೆಯಂತೆ ಬಿಚ್ಚಿಕೊಂಡಿತು. ಮಣಿಕಟ್ಟಿಗೆ ಹಿಟ್ಟು ಮುಚ್ಚುವ ಬಟ್ಟೆಯ ಚೂರು ಸುತ್ತಿತ್ತು, ಗಂಟನ್ನು ಹಲ್ಲಿನಿಂದ ಕಟ್ಟಿಕೊಂಡಿದ್ದ, ಅದರ ಕೆಳಗೆ ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ನೇರ ಗೆರೆ, ಬೆರಳಗಲ, ಬೆಂದು ಬಿಳಿಚಿದ ಚರ್ಮ, ಸುತ್ತ ಊತ, ಅಲ್ಲಿಂದ ಮೊಣಕೈ ಕಡೆಗೆ ಒಂದು ಕೆಂಪು ದಾರ. ಭಟ್ಟಿಯ ಬಾಯಿಗೆ ಒಂದು ಕಬ್ಬಿಣದ ತುಟಿ ಇದೆ, ಬೆರಳಗಲ. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೀವೇ ಇಲ್ವಲ್ಲ ಡಾಕ್ಟ್ರೇ ಎಂದಳು, ಏನೋ ಒಂದು ಕೇಳಬೇಕಿತ್ತು, ಕೀವಾಗ್ಬೇಕಾದ್ರೂ ಬಿಳಿ ರಕ್ತಕಣ ಬೇಕಲ್ಲ ಎಂದರು ಆಕೆ, ಅದಿಲ್ದೇ ಇದ್ದಾಗ ಗಾಯ ಸುಮ್ನಿರತ್ತೆ, ಒಳಗೊಳಗೇ ಹರಡತ್ತೆ. ಸುಮ್ಮನಿರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ, ಬೇಕಾಗಿತ್ತು ಸ್ವಾಮಿ, ಕನ್ನಡಿ ಬೇಕಾಗಿತ್ತು, ಮೀಟರು ಬೇಕಾಗಿತ್ತು, ಕಣ್ಣಿರುವ ಒಬ್ಬ ಮಗಳು ಬೇಕಾಗಿತ್ತು. ಮಂಗಳವಾರ ಅವಳು ಬ್ರೆಡ್ ಹಾಕಿ ಬರುವಾಗ ಗಾಡಿಯ ಟಯರು ಪಂಕ್ಚರ್ ಆಗಿ ಒಂದು ಗಂಟೆ ತಡವಾಗಿತ್ತು, ಬಂದು ನೋಡಿದರೆ ಭಟ್ಟಿಯ ಬಾಗಿಲು ಅರ್ಧ ತೆರೆದಿತ್ತು, ತಾನೇ ಮರೆತು ಹೋಗಿದ್ದೆ ಎಂದು ತನ್ನನ್ನೇ ಬೈದುಕೊಂಡು ಮುಚ್ಚಿದ್ದಳು, ಬೇಕರಿಯೊಳಗೆ ಕಾಲಿಡಬಾರದು ಎಂದು ವಾರ್ಡಿನವರು ಅಪ್ಪನಿಗೆ ಹೇಳಿದ್ದರು, ಹಿಟ್ಟಿನ ಧೂಳು, ಹೊಗೆ, ಮೊದಲೇ ಶ್ವಾಸಕೋಶದ ಗಡ್ಡೆ, ಅವನು ಒಪ್ಪಿಕೊಂಡಿದ್ದ ಕೂಡ, ಒಪ್ಪಿಕೊಂಡವರೆಲ್ಲ ಪಾಲಿಸುವುದಿದ್ದರೆ ಇನ್ನೇನು. ಆ ಖಾಲಿ ಬೇಕರಿ ಈಗ ಅವಳ ಕಣ್ಣ ಮುಂದೆ, ಬಾಗಿಲು ತೆರೆದಿದೆ, ಒಳಗೆ ಕೆಂಪು, ಕೆಂಪಿನ ಮುಂದೆ ಕಪ್ಪಗೆ ಆ ಕೈ, ಅಲುಗದೆ, ಅದರ ಅಂಚು ಕಬ್ಬಿಣಕ್ಕೆ ತಾಗಿದೆ — ಬೇಡ, ಅತ್ತ ಬೇಡ. ಸೂಜಿ ಹತ್ತಿತು, ಕೊನೆಗೆ ಕಾಲಿನಲ್ಲಿ, ಪಾದದ ಮೇಲೆ, ಹನ್ನೊಂದು ಮೂವತ್ತಕ್ಕೆ, ಒಂದೂಕಾಲು ಗಂಟೆ, ಹದಿನೈದು ನಿಮಿಷ ತಡ, ಆ ಹದಿನೈದು ನಿಮಿಷವನ್ನು ಅವಳು ಯಾರ ತಲೆಗೆ ಕಟ್ಟಬೇಕು, ಗುಮಾಸ್ತನಿಗೋ ಮೈದಾ ಅಂಟಿಗೋ, ಗುಮಾಸ್ತ ಪಾಪ ತಾನೇ ಕಾಗದ ಹಿಡಿದುಕೊಂಡು ಒಳಗೆ ಬಂದ, ಇಲ್ಲಿ ಸೈನ್ ಮಾಡಿ ಮೇಡಂ ಎಂದ, ಅಪ್ಪನ ಕಡೆ ನೋಡಿ ಧ್ವನಿ ಇಳಿಸಿ, ಗೋಡೆ ಮಾತು ಮನಸ್ಸಿಗೆ ಹಾಕ್ಕೋಬೇಡಿ ಎಂದ. ಹಾಕಿಕೊಂಡಿಲ್ಲ ಬಿಡಿ ಎಂದಳು, ಬಾಗ್ಲು ಏನಾದ್ರೂ ಮುರಿದಿದ್ರೆ ಹೇಳಿ. ಫೋನು ಜೇಬಿನಲ್ಲಿ ಗುರ್ರೆನ್ನುತ್ತಿದೆ, ಅತ್ತೆ, ಅಪ್ಪನ ಅಕ್ಕ, ಯಾರು ಹೇಳಿದರೋ, ಏನೇ ಆಯ್ತು, ಮತ್ತೆ ಆಸ್ಪತ್ರೇನಾ, ನಾನು ಮೊದಲೇ ಹೇಳಿದ್ದೆ, ಆ ಕೀಮೋ ಅನ್ನೋದು ಕಾಯಿಲೆಗಿಂತ ಕೆಟ್ಟದ್ದು, ಸಾಕು ಮಾಡು, ಅವನನ್ನ ನೆಮ್ಮದಿಯಾಗಿ ಇರೋಕೆ ಬಿಡು, ನಿನ್ನ ಹಟಕ್ಕೆ ಅವನನ್ನ ಯಾಕೆ ಕೊಲ್ತೀಯ. ಹಟ. ಯಾರ ಹಟ ಅತ್ತೆ, ಗಡ್ಡೆ ಎಂದು ತಿಳಿದ ದಿನ ಆರು ಕೀಮೋ ಎಂದರು, ಅಪ್ಪ ಮನೆಗೆ ಬಂದು ಗೋಡೆಯ ಮೇಲೆ ಇದ್ದಿಲಿನಿಂದ ಆರು ಗೆರೆ ಎಳೆದ, ಒಂದೊಂದು ಆದ ಮೇಲೆ ಒಂದೊಂದಕ್ಕೆ ಅಡ್ಡಗೆರೆ, ಎರಡನೆಯದಕ್ಕೆ ವಾಂತಿ ಮಾಡಿಕೊಳ್ಳುತ್ತಲೇ ಹೋಗಿ ಎಳೆದು ಬಂದ, ಅದು ನನ್ನ ಹಟವಾ. ಇಷ್ಟನ್ನೂ ಹೇಳಬೇಕು ಎಂದುಕೊಂಡಳು, ಹೇಳಿದ್ದು, ಅತ್ತೆ, ನೀವು ನಮ್ಮನೆಗೆ ಹೋಗಿ ತೊಟ್ಟಿ ಹಿಟ್ಟು ತೆಗೆದು ಕಸಕ್ಕೆ ಹಾಕಿ, ಭಟ್ಟಿ ಬಾಗ್ಲು ನೋಡಿ, ಅಳೋದು ಆಮೇಲೆ ಅಳೋಣ. ಬೀಗದ ಕೈ ಎಲ್ಲಿಟ್ಟಿದೀಯೇ ಎಂದಳು ಅತ್ತೆ.

ಎಂಬತ್ತೆರಡು. ಎಂಬತ್ತೆರಡು. ಒತ್ತಡ ನೋಡುವ ಪಟ್ಟಿ ಅಪ್ಪನ ತೋಳನ್ನು ತಾನಾಗಿಯೇ ಹಿಂಡುತ್ತದೆ, ಉಸ್ಸೆಂದು ಬಿಡುತ್ತದೆ, ಅಂಕಿ ಬರುತ್ತದೆ, ಹದಿನೈದು ನಿಮಿಷಕ್ಕೊಮ್ಮೆ, ಎಪ್ಪತ್ತೊಂಬತ್ತು ಬಂದಾಗ ಡಾಕ್ಟರು ಎರಡನೇ ಬಾಟಲಿ ಏರಿಸಿದರು, ಆಕೆಯ ಕಿವಿಯ ಹಿಂದಿನ ಪೆನ್ನು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ, ಇಂಥ ಹುಡುಗಿ ಪೆನ್ನು ಬಿಡುವವಳಲ್ಲ. ಹೆದರಿದೆಯಾ, ಹೌದು ಹೆದರಿದ್ದೇನೆ, ಹೆದರಿಕೆಗೂ ಹಟಕ್ಕೂ ಒಂದೇ ಹೊಟ್ಟೆ, ಎರಡೂ ಇರಲಿ, ಆದರೆ ಇಲ್ಲಿಂದ ಇವನನ್ನು ಎತ್ತಿಕೊಂಡು ಹೋಗುತ್ತೇನೆ ಎಂದುಕೊಂಡವರಿಗೆ ಮಾತ್ರ ನನ್ನ ಹೆಣದ ಮೇಲೆ ದಾರಿ. ಅಪ್ಪನ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಮೂರು ನಿಮಿಷಕ್ಕೆ ಬಿಸಿ, ಬದಲಾಯಿಸಿದಳು, ಕೂದಲಿಲ್ಲದ ತಲೆ ಎಷ್ಟು ಚಿಕ್ಕದು, ಪೂರ್ತಿ ಒಂದು ಅಂಗೈಯಲ್ಲಿ ಹಿಡಿಯುತ್ತದೆ, ಹುಬ್ಬೂ ಇಲ್ಲ, ತೋಳಿನ ರೋಮವೂ ಇಲ್ಲ, ಬೆಂಕಿ ಮೊದಲು ಮುಟ್ಟುವುದು ರೋಮವನ್ನು, ಸುಟ್ಟ ವಾಸನೆ ಬಂದರೆ ಕೈ ತೆಗಿ, ಅವನೇ ಕಲಿಸಿದ ಪಾಠ, ಔಷಧಿ ಅದನ್ನೂ ಕಿತ್ತುಕೊಂಡಿತ್ತು, ವಾಸನೆ ಬರುವುದಕ್ಕೂ ಅಲ್ಲಿ ಏನೂ ಇರಲಿಲ್ಲ. ಹನ್ನೆರಡು ವರ್ಷದವಳಿದ್ದಾಗ ಅವಳ ಕೈಯನ್ನು ತನ್ನ ಕೈಯ ಮೇಲಿಟ್ಟು ಭಟ್ಟಿಯ ಬಾಯಿಗೆ ಚಾಚಿಸಿದ್ದ, ಅವನ ಕೈ ಕೆಳಗೆ, ಅವಳದು ಮೇಲೆ, ಎಣಿಸು, ಅವಳು ಮೂರಕ್ಕೇ ಎಳೆದುಕೊಂಡಳು, ಪರವಾಗಿಲ್ಲ ಕಣೇ, ಕೈ ಸುಳ್ಳು ಹೇಳಲ್ಲ, ತಾನಾಗಿ ಕಲೀತದೆ. ಕಲಿತಿತು. ಎಂಬತ್ತೆಂಟು. ಒಂದು ಗಂಟೆ ಕಳೆದು ತೊಂಬತ್ತೊಂದು, ಆಗ ಡಾಕ್ಟರು ಬಗ್ಗಿ ಪೆನ್ನು ಎತ್ತಿಕೊಂಡರು, ಅವಳು ಕುರ್ಚಿಯಿಂದ ಎದ್ದು ಏನು ಮಾಡುವುದೆಂದು ತಿಳಿಯದೆ ಮತ್ತೆ ಕೂತಳು, ತೊಂಬತ್ತಾರಕ್ಕೆ ಸಿಸ್ಟರ್ ಬಂದು ಭುಜ ತಟ್ಟಿ, ಹೋಗಿ ಏನಾದ್ರೂ ತಿನ್ನಿ, ತಿಂದ್ರೆ ಜಗಳ ಆಡೋಕೆ ಶಕ್ತಿ ಬರತ್ತೆ ಎಂದರು, ಅವಳು ಹೋಗಲಿಲ್ಲ, ಮೂರು ಗಂಟೆಗೆ ನೂರಾ ಎರಡು, ಅಪ್ಪನ ಹಲ್ಲಿನ ಸದ್ದು ನಿಂತಿತು, ಬೆವರು ಬಂತು, ದಿಂಬು ತೊಯ್ದುಹೋಯಿತು, ಡಾಕ್ಟರು ಬೆಡ್ಡಿನ ಪಕ್ಕ ನಿಂತು, ಸದ್ಯಕ್ಕೆ ಗೆದ್ದಿದೀವಿ ಎಂದರು, ಸದ್ಯಕ್ಕೆ ಎಂಬುದನ್ನು ಒತ್ತಿ ಹೇಳಿದರು, ಆರನೇ ಕೀಮೋ ಬಗ್ಗೆ ಈಗ ಯೋಚ್ನೆ ಬೇಡ, ಐದೇ ಸಾಕು ಅಂತಾನೂ ದೊಡ್ಡ ಡಾಕ್ಟ್ರು ಅನ್ನಬಹುದು. ಆರು ಅಂದಿದ್ರಿ — ಅಪ್ಪ. ಕಣ್ಣು ಮುಚ್ಚಿಕೊಂಡೇ, ಒಣಗಿದ ನಾಲಿಗೆಯಿಂದ. ಆರು ಅಂದ್ರೆ ಆರೇ, ಗೆರೆ ಎಳ್ದಾಗಿದೆ. ಡಾಕ್ಟರಿಗೆ ಗೆರೆ ಅರ್ಥವಾಗಲಿಲ್ಲ, ಅವಳಿಗೆ ಆಯಿತು, ಬೆಳಿಗ್ಗೆಯಿಂದ ಮೊದಲ ಸಲ ನಗು ಬಂತು, ನಗುವಿನ ಜೊತೆ ಮೂಗೂ ಸೋರಿತು, ಅಂಗಿಯ ತೋಳಿನಲ್ಲೇ ಒರೆಸಿಕೊಂಡಳು.

ಆಕೆ ಆಚೆ ಹೋದ ಮೇಲೆ ಅಪ್ಪ ಬಲಗೈಯನ್ನು ಎತ್ತಿದ, ಬಿಳಿ ಬ್ಯಾಂಡೇಜಿನ ಗಡ್ಡೆ, ಅದನ್ನೇ ಸ್ವಲ್ಪ ಹೊತ್ತು ನೋಡಿದ, ನೀನ್ಯಾಕೆ ಸುಳ್ಳು ಹೇಳ್ದೆ ಎಂದ, ನೀನು ನೋಡ್ತಿರ್ಲಿಲ್ಲ, ನೋಡ್ತಿದ್ದೋನು ನಾನು. ಸುಮ್ನಿರಪ್ಪ, ಮಾತಾಡ್ಬೇಡ. ಸುಮ್ಮನಿರುವವನಾಗಿದ್ದರೆ ಇಲ್ಲಿಗೇಕೆ ಬರುತ್ತಿದ್ದ. ನಂಗೊತ್ತಿತ್ತು ಎಂದ, ಮಂಗಳವಾರದಿಂದ ಗೊತ್ತಿತ್ತು, ಈ ಕೈಗೆ ಏನೂ ತಿಳೀತಿಲ್ಲ ಅಂತ. ಅವಳ ಎದೆಯೊಳಗೆ ಬೆಳಿಗ್ಗೆಯ ಧ್ವನಿ ಮತ್ತೆ ಎದ್ದಿತು, ಲಾರಿಯವನ ಜೊತೆಗಿನದು, ಗೊತ್ತಿದ್ದೂ ಅದೇ ಕೈಯನ್ನ ಕತ್ತಿಗಿಟ್ಟು ಇಲ್ಲ ಅಂದ್ಯಲ್ಲ, ಸಾಯ್ತಿದ್ದೆ ಕಣಪ್ಪ ನೀನು, ಇನ್ನೊಂದು ಗಂಟೆ ಆಗಿದ್ರೆ ಸಾಯ್ತಿದ್ದೆ, ನಾನು ಪುಸ್ತಕದಲ್ಲಿ ಇಲ್ಲ ಅಂತ ಬರೀತಾ ಕೂತಿರ್ತಿದ್ದೆ. ಪಕ್ಕದ ಪರದೆಯ ಆಚೆ ಕೆಮ್ಮು ನಿಂತಿತು, ಕೇಳಿಸಿಕೊಳ್ಳಲಿ. ಅಪ್ಪ ಸೂರಿನ ಕಡೆ ನೋಡುತ್ತ, ಹೇಳಿದ್ರೆ ನೀನು ಆಮೇಲೆ ನನ್ನ ಏನೂ ಕೇಳ್ತಿರ್ಲಿಲ್ಲ ಎಂದ. ದಿನಕ್ಕೆ ಎರಡು ಸಲ ನೀನು ಪೆನ್ನು ಹಿಡ್ಕೊಂಡು ಬಂದು ಕೇಳ್ತಿದ್ದೆ, ಜ್ವರ ಇದೆಯಾ ಅಪ್ಪಾ ಅಂತ. ನಂಗೆ ಅಷ್ಟೇ ಉಳಿದಿತ್ತು. ಅವಳಿಗೆ ಹೇಳಲು ಮಾತಿತ್ತು, ಕೇಳುತ್ತೇನೆ, ಎಲ್ಲವನ್ನೂ ಕೇಳುತ್ತೇನೆ, ಈಸ್ಟು ಕೇಳುತ್ತೇನೆ, ಉಪ್ಪು ಕೇಳುತ್ತೇನೆ, ಬದುಕಿ ಬಾ, ಕೇಳುವುದಕ್ಕೆ ನನಗೆ ಬೇಕಾದಷ್ಟಿದೆ, ಹೊರಗೆ ಬಂದದ್ದು ಬೇರೇನೋ, ಕೇಳಬಾರದು ಎಂದು ಬೆಳಿಗ್ಗೆಯಿಂದ ಅದುಮಿಟ್ಟದ್ದು, ಅವತ್ತು ಎಷ್ಟು ಎಣಿಸ್ದೆ ಅಪ್ಪಾ. ತೋಳಿನ ಪಟ್ಟಿ ಹಿಂಡಿ ಬಿಟ್ಟಿತು, ನೂರಾ ನಾಲ್ಕು. ಇಪ್ಪತ್ತೆರಡು, ಎಂದ. ಇಪ್ಪತ್ತೆರಡಾ. ಹೂಂ ಕಣೇ, ಎಂಟು ಆಯ್ತು, ಹನ್ನೆರಡು ಆಯ್ತು, ಕೈಗೆ ಏನೂ ಬರ್ತಿಲ್ಲ, ಬೆಂಕಿ ಆರಿಹೋಗಿದೆ ಅಂದ್ಕೊಂಡೆ. ಆರಿಹೋಗಿದೆ ಎಂದುಕೊಂಡ — ಅವಳು ಬೆಳಗಿನ ಜಾವ ಎದ್ದು ಹೊಟ್ಟೆ ತುಂಬ ಸೌದೆ ತುಂಬಿಸಿ ಹೋದ ಭಟ್ಟಿ ಅದು, ಕಲ್ಲು ಬೆಳ್ಳಗಾಗುವಷ್ಟು ಕಾದಿತ್ತು, ಅದರ ಎದುರು ಒಬ್ಬನೇ ನಿಂತು, ಆರಿಹೋಗಿದೆ ಎಂದುಕೊಂಡ, ಇಲ್ಲ ಅಪ್ಪ, ಉರಿಯುತ್ತಿತ್ತು, ಉರಿಯುತ್ತಲೇ ಇದೆ, ನಾನು ಹಾಕಿದ ಬೆಂಕಿ ಆರುವುದಿಲ್ಲ, ತೆಗಿ, ಎಂಟಾಯಿತು ತೆಗಿ, ಬಾಯಿ ತೆರೆದಿದೆ, ಒಳಗೆ ಕೆಂಪು, ಕೆಂಪಿನ ಮುಂದೆ ಕಪ್ಪಗೆ ಆ ಕೈ, ಅಂಚು ಕಬ್ಬಿಣಕ್ಕೆ ತಾಗಿದೆ, ಅಲುಗುತ್ತಿಲ್ಲ, ತುಟಿ ಮಾತ್ರ, ಒಂಬತ್ತು, ಹತ್ತು, ಕೈ ಅಲ್ಲೇ, ಹನ್ನೊಂದು…